ಬೈತಲೆಯ ದಿಕ್ಕು

ಕೂದಲು ಕತ್ತರಿಸಿಕೊಳ್ಳುತ್ತಿದ್ದ ಮಗಳ ಜಡೆಯ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡು ಸಲೂನಿನ ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸೊಬ್ಬಳ ಕಿವಿಗೆ ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತು ಬಿತ್ತು. ಮೊದಲು ಬೋಳಾಗಿದ್ದ ತಮ್ಮನ ತಲೆಯಲ್ಲಿ ಕಸಿ ಮಾಡಿಸಿದ ಕೂದಲು ಈಗ ಸೊಂಪಾಗಿ ಬೆಳೆದಿತ್ತು.

“ಬೈತಲೆ ಬಲಗಡೆ ತೆಗೆಸ್ಕೊಳ್ಳೋ. ಹೀಗಿದ್ರೆ ಥೇಟ್ ಅಪ್ಪನ ಹಾಗೆ ಕಾಣ್ತೀಯ,” ಎಂದಳು ಅಕ್ಕ.

“ಆಗಲ್ಲಕ್ಕ. ನೆಟ್ಟ ದಿಕ್ಕಿಗೇ ಬೀಳುತ್ತೆ. ಜೆಲ್ ಹಚ್ಚಿದ್ರೂ ಎದ್ದು ನಿಲ್ಲುತ್ತೆ.”

“ಹಾಗೆ ಯಾಕೆ ನೆಡಿಸ್ದೆ?”

“ಡಾಕ್ಟ್ರು ಹೇಗೆ ಬೇಕು ಅಂದ್ರು. ಅಪ್ಪನ ಮದುವೆ ಫೋಟೋ ಕೊಟ್ಟೆ. ಅಪ್ಪನ ಕೂದಲು ಚೆನ್ನಾಗಿತ್ತಲ್ವಾ?”

“ಕೂದಲು ಚೆನ್ನಾಗಿತ್ತು. ಕೈ ಚೆನ್ನಾಗಿರ್ಲಿಲ್ಲ.”

ತಮ್ಮ ಕನ್ನಡಿಯತ್ತ ತಿರುಗಿ ಬೈತಲೆ ಸವರಿಕೊಂಡ.

“ನಿನ್ನೆ ತುತ್ತು ಕೊಡೋಕೆ ನೀನು ಕೈ ಎತ್ತಿದ್ರೆ ಅಮ್ಮ ಮುಖ ಮುಚ್ಕೊಂಡ್ಳು. ನೋಡ್ಲಿಲ್ವಾ?”

“ಅಮ್ಮಂಗೆ ಮರೆವು. ಅಪ್ಪ ಸತ್ತಿದ್ದೇ ನೆನಪಿಲ್ಲ. ಅದೂ ನನ್ನ ತಪ್ಪಾ?”

“ಏಟು ನೆನಪಿದೆ. ನೀನು ಹೋದ್ಮೇಲೆ, ‘ನನ್ನ ಬೋಳನ್ನ ಕರಿ, ಅವನು ಬಂದು ಬಿಡಿಸ್ತಾನೆ’ ಅಂತ ಅತ್ಲು.”

“ಅದಕ್ಕೆ ಬೋಳಿಸ್ಕೊಳ್ಬೇಕಾ? ಕಸಿ ಮಾಡಿಸಿದಾಗ ಗಾಯದ ಮೇಲೆ ಲೋಟದಲ್ಲಿ ನೀರು ಬಿಟ್ಟು ತೊಳೆದವಳು ನೀನೇ. ಆಗ ಹೇಳ್ಬಾರ್ದಿತ್ತಾ?”

“ಆಗ ಅಲ್ಲಿ ಬರೀ ಚುಕ್ಕೆ ಇತ್ತು ಕಣೋ, ಅಪ್ಪ ಇರ್ಲಿಲ್ಲ.”

“ಮುಂದಿನವರು ಬನ್ನಿ,” ಎಂದ ಕ್ಷೌರಿಕ.

ತಮ್ಮ ಎದ್ದು ಕುರ್ಚಿಗೆ ಹೋಗಿ ಕೂತ. “ತುದಿ ಮಾತ್ರ ಕತ್ತರಿಸಿ. ಬೈತಲೆ ಹೀಗೇ ಇರ್ಲಿ,” ಎಂದ.

ಅಕ್ಕ ಚೀಲವನ್ನು ಹೆಗಲಿಗೇರಿಸಿದಳು. “ಹಾಗಾದ್ರೆ ಇವತ್ತು ಮನೆಗೆ ಬರ್ಬೇಡ.”

“ಅಮ್ಮ ಬೋಳ ಎಲ್ಲಿ ಅಂತ ಕೇಳಿದ್ರೆ?” ಎಂದ ತಮ್ಮ, ಕನ್ನಡಿಯೊಳಗಿಂದ ಅವಳನ್ನು ನೋಡುತ್ತ.

“ಅಪ್ಪ ಅವನನ್ನ ಓಡಿಸ್ಬಿಟ್ಟ ಅಂತೀನಿ,” ಎಂದವಳೇ ಬಾಗಿಲು ತಳ್ಳಿಕೊಂಡು ಹೊರಟುಹೋದಳು.