ಆರೋಗ್ಯಮಾತೆ ಚರ್ಚಿನ ದೊಡ್ಡ ಬಾಗಿಲು ತೆರೆದ ಬಗ್ಗೆ

ನನ್ನ ಹೆಸರು ಬೆಲಾರ್ಮಿನೊ ತೋಸ್ತೆಸ್, ತಂದೆ ದಿವಂಗತ ಅಮಾರೊ ತೋಸ್ತೆಸ್. ವಯಸ್ಸು ಅರವತ್ತಾರು. ಆರೋಗ್ಯಮಾತೆ ಚರ್ಚಿನಲ್ಲಿ ಗಂಟೆ ಬಾರಿಸುವುದು ಮತ್ತು ಉಸ್ತುವಾರಿ ನೋಡಿಕೊಳ್ಳುವುದು ನನ್ನ ಕೆಲಸ. ವಾಸ ಒಗೆಯುವವರ ಓಣಿ, ಆಗ್ವಾಸ್ ಮಾನ್ಸಾಸ್ ಪಟ್ಟಣ, ಮಿನಾಸ್ ಪ್ರಾಂತ್ಯ. ಉದ್ಯಾನದ ಎದುರಿನ ದೊಡ್ಡ ಹೋಟೆಲಿನ ವ್ಯವಸ್ಥಾಪಕರಾದ ಆದೆರ್ಬಾಲ್ ಪೆಸ್ತಾನಾ ಅವರು ನನ್ನ ಮೇಲೆ ದೂರು ಕೊಟ್ಟಿರುವುದಾಗಿ ತಿಳಿಸಿ ಠಾಣೆಗೆ ಕರೆಸಿದ್ದರಿಂದ, ನನಗೆ ಗೊತ್ತಿರುವುದನ್ನು ನಡೆದ ಕ್ರಮದಲ್ಲೇ ಹೇಳಿ ಬರೆಸುವುದೇನೆಂದರೆ:

ದೂರಿನಲ್ಲಿ ನಾನು ಚರ್ಚಿನ ದೊಡ್ಡ ಬಾಗಿಲನ್ನು ದುರುಪಯೋಗ ಮಾಡಿದೆನೆಂದು ಇದೆ. ಆದ್ದರಿಂದ ಮೊದಲು ಬಾಗಿಲಿನ ವಿಷಯ ಹೇಳಬೇಕು. ಬರೆದುಕೊಳ್ಳುತ್ತಿರುವ ಸಿಬ್ಬಂದಿಯವರು ಅದು ಬೇಡ, ನೇರ ಸೋಮವಾರ ನಡೆದದ್ದಕ್ಕೆ ಬನ್ನಿ ಎಂದರು. ಬಾಗಿಲಿನದು ಬರೆಯದಿದ್ದರೆ ಸೋಮವಾರದ್ದು ಯಾರಿಗೂ ಅರ್ಥವಾಗುವುದಿಲ್ಲವೆಂದು ಹೇಳಿದ್ದರಿಂದ ಬರೆದುಕೊಂಡಿದ್ದಾರೆ.

ಚರ್ಚನ್ನು ಕಟ್ಟಿಸಿದ್ದು ಇಲ್ಲಿನ ಔಷಧಿ ನೀರಿನ ಊಟೆಗಳನ್ನು ನಡೆಸುವ ನೀರಿನ ಕಂಪನಿ. 1909ರಲ್ಲಿ ಶುರುವಾಗಿ 1913ರಲ್ಲಿ ಮುಗಿಯಿತು. ಮೇಸ್ತ್ರಿ ಇಟಲಿಯಿಂದ ಬಂದವನು, ಹೆಸರು ಬತ್ತಲ್ಯೀನ್. ನನ್ನ ತಂದೆ ಅವನ ಕೈಕೆಳಗೆ ಗಾರೆ ಹೊತ್ತಿದ್ದಾರೆ. ಬೇರೆ ಊರುಗಳಲ್ಲಿ ಚರ್ಚು ಊರಿಗೆ ಮುಖ ಮಾಡಿ ನಿಂತಿರುತ್ತದೆ. ನಮ್ಮದು ಉದ್ಯಾನಕ್ಕೆ ಮುಖ, ಊರಿಗೆ ಬೆನ್ನು. ದೊಡ್ಡ ಬಾಗಿಲಿನಲ್ಲಿ ನಿಂತರೆ ವಾದ್ಯಮಂಟಪ, ಅದರಾಚೆ ಊಟೆಗಳು, ಅದರಾಚೆ ಹೋಟೆಲು, ಮೂರೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಬಣ್ಣದ ಗಾಜಿನ ಕಿಟಕಿಗಳೆಲ್ಲ ಆ ಕಡೆಗೇ. ಸಂಜೆ ಒಳಗೆ ದೀಪ ಹಚ್ಚಿದರೆ ಹೋಟೆಲಿನ ಮೊಗಸಾಲೆಯಲ್ಲಿ ಕೂತವರಿಗೆ ಮಾತೆಯ ನೀಲಿ ಸೆರಗು ಕಾಣಲಿ ಎಂದು ಹಾಗೆ ಮಾಡಿಸಿದ್ದಂತೆ. ಊರಿನ ಕಡೆಯ ಗೋಡೆಗೆ ಒಂದು ಕಿಟಕಿಯೂ ಇಲ್ಲ.

ಮೇಸ್ತ್ರಿ ಊರಿನ ಕಡೆಗೂ ಒಂದು ಬಾಗಿಲು ಎತ್ತಿದ್ದ. ಕಮಾನಿನ ಕಲ್ಲುಗಳು ಕೂತ ಮೇಲೆ ಕಂಪನಿಯ ಎಂಜಿನಿಯರು ಬಂದು, ಈ ಬಾಗಿಲು ಬೇಡ, ಇಟ್ಟಿಗೆ ಹಾಕಿ ಮುಚ್ಚು ಎಂದರಂತೆ. ಮೇಸ್ತ್ರಿ ಮುಚ್ಚಿದ. ಆದರೆ ಕಮಾನಿನ ಕಲ್ಲುಗಳನ್ನು ಮಾತ್ರ ಗಾರೆಯೊಳಗೆ ಅಡಗಿಸಲಿಲ್ಲ, ಹೊರಗೆ ಕಾಣುವಂತೆಯೇ ಬಿಟ್ಟು ಹೋದ. ಇವತ್ತಿಗೂ ಹಬ್ಬದ ಮುಂಚೆ ನಮ್ಮ ಓಣಿಯ ಹೆಂಗಸರು ಆ ಕಮಾನಿಗೆ ಸುಣ್ಣ ಹೊಡೆದು ಹೂ ಕಟ್ಟುತ್ತಾರೆ. ಇಲ್ಲದ ಬಾಗಿಲಿಗೆ ತೋರಣ ಕಟ್ಟುವ ಊರು ನಮ್ಮದು.

ಊರಿನವರಿಗೆ ಇರುವುದು ಗೋಪುರದ ಬುಡದ ಕಿರುಬಾಗಿಲು. ಅದು ಗಂಟೆ ಬಾರಿಸುವವನೊಬ್ಬ ಹೋಗಿ ಬರಲೆಂದು ಮಾಡಿದ್ದು. ಒಳಗೆ ಮೆಟ್ಟಿಲ ಪಕ್ಕದಲ್ಲಿ ಒಂದು ತಿರುವಿದೆ. ಬದುಕಿರುವವರು ಭುಜ ಓರೆ ಮಾಡಿ ದಾಟುತ್ತಾರೆ. ಶವಪೆಟ್ಟಿಗೆ ದಾಟಬೇಕಾದರೆ ಅದನ್ನು ಎತ್ತಿ ನಿಲ್ಲಿಸಬೇಕು. ನಮ್ಮೂರಲ್ಲಿ ಸತ್ತವರೂ ನಿಂತುಕೊಂಡೇ ಹೊರಗೆ ಹೋಗುತ್ತಾರೆ ಎಂದು ಪಕ್ಕದ ಊರಿನವರು ಗೇಲಿ ಮಾಡುವುದುಂಟು.

ಇಲ್ಲಿಗೆ ಬರುವವರು ಕಾಯಿಲೆಯವರು, ನೀರು ಕುಡಿದು ವಾಸಿಯಾಗಲು ಬಂದವರು. ಅವರ ಕಣ್ಣಿಗೆ ಹೆಣ ಬೀಳಬಾರದು, ಕಿವಿಗೆ ಸಾವಿನ ಗಂಟೆ ಬೀಳಬಾರದು ಎಂದು ಮೊದಲಿನಿಂದಲೂ ಪದ್ಧತಿ. ಅತಿಥಿಗಳು ಬರುವ ಸೀಸನ್ನಿನಲ್ಲಿ ಊರಿನವರು ತೀರಿಕೊಂಡರೆ, ಉದ್ಯಾನದ ಗೇಟು ತೆರೆಯುವ ಮೊದಲೇ ಪೆಟ್ಟಿಗೆಯನ್ನು ದೊಡ್ಡ ಬಾಗಿಲಿನಿಂದ ಒಳಗೆ ತಂದುಬಿಡಬಹುದು. ಪೂಜೆ ಮುಗಿಯುವಷ್ಟರಲ್ಲಿ ಅತಿಥಿಗಳು ಬೆಳಗಿನ ನೀರು ಕುಡಿಯಲು ಉದ್ಯಾನಕ್ಕೆ ಬಂದಿರುತ್ತಾರೆ. ಹಾಗಾಗಿ ಹೊರಗೆ ಹೋಗುವುದು ಕಿರುಬಾಗಿಲಿನಿಂದಲೇ. ಗಂಟೆಯ ನಾಲಗೆಗೆ ದಪ್ಪ ಬಟ್ಟೆಯ ಚೀಲ ತೊಡಿಸಿ ಬಾರಿಸಬೇಕು. ಆಗ ಅದು ಒಗೆಯುವವರ ಓಣಿಗೆ ಕೇಳುತ್ತದೆ, ಹೋಟೆಲಿಗೆ ಕೇಳುವುದಿಲ್ಲ. ಹಬ್ಬಕ್ಕೆ ಮಾತ್ರ ಬಟ್ಟೆ ಬಿಚ್ಚುವುದು. ಇದು ಕಾನೂನೋ ಬರಿಯ ಪದ್ಧತಿಯೋ ನನಗೆ ತಿಳಿಯದು. ಇಪ್ಪತ್ತೊಂಬತ್ತು ವರ್ಷ ನಾನೇ ಇದನ್ನು ನಡೆಸಿಕೊಂಡು ಬಂದಿದ್ದೇನೆ.

ಆ ಬಟ್ಟೆಯನ್ನು ಹೊಲಿದವಳು ನನ್ನ ಹೆಂಡತಿ ಇದಲೀನಾ. ಅವಳು ಅತಿಥಿಗಳ ಸ್ನಾನಗೃಹದಲ್ಲಿ ಕೆಲಸಕ್ಕಿದ್ದಳು. ಕೈಕಾಲು ಬಾರದವರನ್ನು ತೋಳಿನ ಮೇಲೆ ಹಿಡಿದು ನೀರಿಗಿಳಿಸುವುದು, ಎತ್ತುವುದು ಅವಳ ಕೆಲಸ. ಅಷ್ಟು ವರ್ಷಗಳಲ್ಲಿ ಒಬ್ಬರನ್ನೂ ಜಾರಲು ಬಿಟ್ಟವಳಲ್ಲ. ಕಬ್ಬಿಣದ ನೀರಿಗೆ ಕೆಂಪಾಗಿ ಬಳಕೆಗೆ ಬಾರದ ಟವೆಲುಗಳನ್ನು ಮನೆಗೆ ತಂದು, ನಾಲ್ಕು ಪದರ ಮಾಡಿ, ಗಂಟೆಯ ನಾಲಗೆಗೆ ಅಳತೆಗೆ ಸರಿಯಾಗಿ ಹೊಲಿದು ಕೊಟ್ಟಿದ್ದಳು. ಹರಿದಾಗ ತೇಪೆಯನ್ನೂ ಅವಳೇ ಹಾಕುತ್ತಿದ್ದಳು.

ಕಳೆದ ಕ್ರಿಸ್‌ಮಸ್ಸಿನ ನಂತರ ಒಂದು ದಿನ ತೇಪೆ ಹಾಕುತ್ತಾ ಅವಳು ನನ್ನನ್ನು, "ನಂಗೂ ಇದನ್ನೇ ಕಟ್ತೀಯೇನು ಬೆಲಾ?" ಎಂದು ಕೇಳಿದಳು. ನಾನು, "ಸೀಸನ್ ಮುಗಿದ್ಮೇಲೆ ಸಾಯಿ. ಗಂಟೆ ಬಾಯ್ತುಂಬ ಬಾರಿಸ್ತೀನಿ" ಎಂದೆ. ಅವಳು, "ನಿನ್ನ ಅನುಕೂಲ ನೋಡ್ಕೊಂಡು ಸಾಯ್ಬೇಕಾ ನಾನು? ಮದುವೆಗೂ ನಿನ್ನ ಅನುಕೂಲ ನೋಡಿದ್ದಾಯ್ತು" ಎಂದಳು. ನಾವಿಬ್ಬರೂ ನಕ್ಕೆವು. ಆಗ ಅವಳಿಗೆ ಎದೆನೋವು ಶುರುವಾಗಿತ್ತೆಂಬುದು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಇದೇ ಫೆಬ್ರವರಿ 17ನೇ ತಾರೀಕು ಭಾನುವಾರ ಸಂಜೆ ಸುಮಾರು ಐದು ಗಂಟೆಗೆ, ಒಲೆಯ ಮೇಲೆ ಕಾಫಿಗೆ ನೀರಿಟ್ಟು, ಕುರ್ಚಿಯಲ್ಲಿ ಕೂತವಳು ಏಳಲಿಲ್ಲ. ನೀರು ಪೂರಾ ಬತ್ತಿ ಪಾತ್ರೆ ಸೀದ ವಾಸನೆ ಬಂದ ಮೇಲೆ ನಾನು ಅಂಗಳದಿಂದ ಒಳಗೆ ಬಂದೆ. ಆ ಪಾತ್ರೆಯನ್ನು ನಾನು ಇನ್ನೂ ಉಜ್ಜಿಲ್ಲ. ಇದೂ ದೂರಿಗೆ ಸಂಬಂಧಿಸಿದ್ದಲ್ಲವೆಂದು ಹೇಳಲಾಯಿತು. ಇರಲಿ ಎಂದೆ.

ಅಂದು ಸಂಜೆಯೇ ಪೆಸ್ತಾನಾ ಅವರು ಮನೆಗೆ ಬಂದರು. ಕಪ್ಪು ಟೈ ಕಟ್ಟಿಕೊಂಡು ಬಂದಿದ್ದರು. ನನ್ನ ಕೈ ಹಿಡಿದುಕೊಂಡು, "ಬೆಲಾರ್ಮಿನೊ ಅವರೇ, ದೋನಾ ಇದಲೀನಾ ನಮ್ಮ ತಾಯಿಯವರನ್ನೂ ನೋಡ್ಕೊಂಡಿದ್ರು. ನನಗೂ ಸಂಕಟ ಇದೆ" ಎಂದರು. ಆಮೇಲೆ, "ನಾಳೆ ಹೋಟೆಲ್ ತುಂಬಿದೆ. ಸರ್ಕಾರ ಹೋಟೆಲಿನ ಜೂಜಾಟ ನಿಲ್ಲಿಸಿದ್ಮೇಲೆ ನಮಗೆ ಉಳಿದಿರೋದು ಈ ನೀರೊಂದೇ. ಎಲ್ಲ ಎಂದಿನ ಹಾಗೇ ಆಗುತ್ತಲ್ಲ?" ಎಂದು ಕೇಳಿದರು. ಎಂದಿನ ಹಾಗೇ ಆಗುತ್ತದೆಂದು ನಾನು ಹೇಳಿದೆ. ಆ ಹೊತ್ತಿಗೆ ಹಾಗೆಯೇ ಮಾಡಬೇಕೆಂದಿದ್ದೆ. ಅವರಿಗೆ ಮೋಸ ಮಾಡುವ ಉದ್ದೇಶ ನನಗಿರಲಿಲ್ಲ.

18ನೇ ತಾರೀಕು ಸೋಮವಾರ ಗೇಟು ತೆರೆಯುವ ಮುಂಚೆಯೇ ಪೆಟ್ಟಿಗೆಯನ್ನು ಒಳಗೆ ತಂದೆವು. ಸ್ನಾನಗೃಹದ ಹೆಂಗಸರು ಉದ್ಯಾನದ ಅಂಚಿನ ನೀಲಿ ಗೊಂಚಲು ಹೂಗಳನ್ನು ತಂದು ಪೆಟ್ಟಿಗೆಯ ಮೇಲೆ ಬಿಳಿ ಹೊದಿಕೆ ಹಾಸಿ ಜೋಡಿಸಿದರು. ಪಾದ್ರಿ ಕ್ಲೆಮೆಂತೀನೊ ಅವರು ಪೂಜೆ ಮಾಡಿದರು. ಎಂಟು ಗಂಟೆಗೆ ಪೂಜೆ ಮುಗಿಯಿತು. ಹೊದಿಕೆ, ಹೂಗಳನ್ನು ತೆಗೆದಿಟ್ಟು, ಸ್ನಾನಗೃಹದ ಮೇಸ್ತ್ರಿ ಜೆಸುಯೀನೊ ಮತ್ತು ಇನ್ನು ಮೂವರು ಪೆಟ್ಟಿಗೆಯನ್ನು ಹೊತ್ತು ಕಿರುಬಾಗಿಲಿನ ಕಡೆ ನಡೆದರು. ನಾನು ಮುಂದೆ ಇದ್ದೆ. ಬಟ್ಟೆ ಕಟ್ಟಿದ ಗಂಟೆಯನ್ನು ಆಗಲೇ ಎರಡೆರಡರಂತೆ ಬಾರಿಸಿ ಮುಗಿಸಿದ್ದೆ. ಹೆಂಗಸು ತೀರಿಕೊಂಡರೆ ಎರಡೆರಡು ಏಟು.

ತಿರುವಿನಲ್ಲಿ ಪೆಟ್ಟಿಗೆಯನ್ನು ನಿಲ್ಲಿಸಲು ಕಾಲಿನ ಕಡೆ ಇಳಿಸಿ ತಲೆಯ ಕಡೆ ಎತ್ತಿದರು. ಆಗ ಒಳಗೆ ಅವಳು ಜಾರಿದ ಸದ್ದಾಯಿತು. ಸಣ್ಣ ಸದ್ದು. ನನಗೆ ಕೇಳಿತು, ಜೆಸುಯೀನೊಗೂ ಕೇಳಿತು. ಅವನು ನನ್ನ ಮುಖ ನೋಡಿದ. ಇಪ್ಪತ್ತೊಂಬತ್ತು ವರ್ಷ ಊರಿನವರ ಎಷ್ಟೋ ಪೆಟ್ಟಿಗೆಗಳನ್ನು ಆ ತಿರುವಿನಲ್ಲಿ ನಿಲ್ಲಿಸಿದ್ದೇನೆ. ಆ ಸದ್ದು ಪ್ರತಿ ಸಲವೂ ಆಗಿರಲೇಬೇಕು. ನಾನು ಜೆಸುಯೀನೊಗೆ, "ಇಳಿಸಪ್ಪ. ವಾಪಸ್ ತಗೊಂಡು ಹೋಗು" ಎಂದು ಹೇಳಿದೆ.

ಪೆಟ್ಟಿಗೆಯನ್ನು ಬಲಿಪೀಠದ ಮುಂದಕ್ಕೆ ತಂದಿಟ್ಟು ಮುಚ್ಚಳ ತೆರೆದೆವು. ಅವಳ ತಲೆ ದಿಂಬಿನಿಂದ ಒಂದು ಕಡೆಗೆ ವಾಲಿತ್ತು. ಪಾದ್ರಿಗಳು ಏನಾಯಿತೆಂದು ಕೇಳಿದರು. ನಾನು ಗೋಪುರ ಹತ್ತಿದೆ, ಗಂಟೆಯ ಬಟ್ಟೆ ಬಿಚ್ಚಿ ಕೆಳಗೆ ಬಂದೆ. ಅವಳ ತಲೆ ಮತ್ತೆ ವಾಲದಂತೆ ಸರಿ ಮಾಡಿ ಮುಚ್ಚಳ ಹಾಕಿದೆ. ಹೆಂಗಸರು ಹೊದಿಕೆ ಹಾಸಿ ಹೂಗಳನ್ನು ಮತ್ತೆ ಜೋಡಿಸಿದರು. ಆಮೇಲೆ ಪಾದ್ರಿಗಳಿಗೆ, "ಫಾದರ್, ಇವಳು ಮಲಗಿಕೊಂಡೇ ಹೋಗ್ತಾಳೆ. ನೀವು ಬರೋದಾದ್ರೆ ಬನ್ನಿ, ಬರ್ದೇ ಇದ್ರೆ ಬೇಜಾರಿಲ್ಲ" ಎಂದೆ. ಅವರು ಶಿಲುಬೆಯನ್ನು ಎತ್ತಿಕೊಂಡು ಮುಂದೆ ನಿಂತರು. ಅವರು ನನಗೆ ಅನುಮತಿ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವರ ಮೇಲೆ ಯಾವ ತಪ್ಪೂ ಬರಬಾರದು. ದೊಡ್ಡ ಬಾಗಿಲಿನ ಅಗುಳಿ ತೆಗೆದವನು ನಾನೊಬ್ಬನೇ.

ಹಗ್ಗ ಗೋಪುರದ ಬುಡದಲ್ಲಿದೆ. ಪೆಟ್ಟಿಗೆ ಹೊಸ್ತಿಲು ದಾಟುವವರೆಗೆ ಬಾರಿಸಿ, ಹಗ್ಗ ಬಿಟ್ಟು ಅವಳ ಹಿಂದೆ ಹೋದೆ. ಗಂಟೆ ತಾನಾಗಿಯೇ ಇನ್ನೂ ಕೆಲವು ಸಲ ಹೊಡೆಯಿತು. ಅದನ್ನು ನಾನು ಬಾರಿಸಿದ್ದೆಂದು ಲೆಕ್ಕಕ್ಕೆ ಹಿಡಿಯಬಾರದು.

ಉದ್ಯಾನದಲ್ಲಿ ಆಗ ನೂರಕ್ಕೂ ಹೆಚ್ಚು ಅತಿಥಿಗಳಿದ್ದರು. ಬಟ್ಟೆಯಿಲ್ಲದ ಗಂಟೆಯನ್ನು ಅವರು ಹಬ್ಬಕ್ಕಲ್ಲದೆ ಕೇಳಿದವರಲ್ಲ. ಆ ಬಾಗಿಲಿನಿಂದ ಮಾತೆಯ ಪಲ್ಲಕ್ಕಿಯನ್ನಲ್ಲದೆ ಬೇರೇನನ್ನೂ ಹೆಗಲ ಮೇಲೆ ತಂದದ್ದನ್ನು ಅವರು ಕಂಡಿಲ್ಲ. ಬಿಳಿ ಹೊದಿಕೆ, ನೀಲಿ ಹೂ, ಮುಂದೆ ಶಿಲುಬೆ ನೋಡಿ ಮಾತೆಯ ಮೆರವಣಿಗೆ ಎಂದುಕೊಂಡರು. ಮೆರವಣಿಗೆ ಬಂದಾಗ ನೀರಿನ ಲೋಟಗಳನ್ನು ಎತ್ತಿ ಹಿಡಿದು ಆಶೀರ್ವಾದ ಪಡೆಯುವುದು ಇಲ್ಲಿನ ವಾಡಿಕೆ. ಎಲ್ಲರೂ ಎದ್ದು ಲೋಟ ಎತ್ತಿ ಹಿಡಿದರು. ವಾದ್ಯಮಂಟಪದವರು ನುಡಿಸುತ್ತಿದ್ದುದನ್ನು ಅರ್ಧಕ್ಕೆ ನಿಲ್ಲಿಸಿ ಮಾತೆಯ ಗೀತೆ ಹಿಡಿದರು. ನಾನು ಅವರನ್ನು ತಿದ್ದಲಿಲ್ಲ. ತಿದ್ದಬೇಕಿತ್ತೆಂದು ಠಾಣಾಧಿಕಾರಿಗಳು ಹೇಳಿದರು. ಹೌದು. ಆದರೆ ಇದಲೀನಾ ಹೋಗುತ್ತಿದ್ದಾಳೆ, ಎರಡೂ ಕಡೆ ಜನ ಲೋಟ ಎತ್ತಿ ನಿಂತಿದ್ದಾರೆ. ನಾನು ಅವಳ ಹಿಂದೆ ನಡೆದೆ.

ಅದು ಮೆರವಣಿಗೆಯಲ್ಲವೆಂದು ಮೊದಲು ತಿಳಿದದ್ದು ದೋನಾ ಜೆನೊವೇವಾ ಅವರಿಗೆ. ಅವರು ಸಾವೊ ಪಾವ್ಲೊದವರು, ಸಂಧಿವಾತದವರು, ಗಾಲಿಕುರ್ಚಿಯಲ್ಲಿ ಪ್ರತಿ ವರ್ಷ ಬರುವವರು. ಕುರ್ಚಿಯನ್ನು ಅಡ್ಡ ತಿರುಗಿಸಿಕೊಂಡು ಜೆಸುಯೀನೊನನ್ನು, "ಇವತ್ತು ಯಾವ ಹಬ್ಬವೂ ಇಲ್ವಲ್ಲ. ಯಾರಯ್ಯಾ ಇದು?" ಎಂದು ಕೇಳಿದರು. ಇದಲೀನಾ ಎಂದು ನಾನು ಹೇಳಿದೆ. ಅವರು ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡು, "ನಿನ್ನೆ ಬೆಳಿಗ್ಗೆ ನನ್ನ ಕೂದಲು ಒರೆಸಿ ಕಳಿಸಿದ್ಳಲ್ಲ" ಎಂದರು. ಹೋಟೆಲಿನವರು ಓಡಿಬಂದು ಅವರನ್ನು ಪಕ್ಕಕ್ಕೆ ಸರಿಸಲು ನೋಡಿದಾಗ, "ಇಪ್ಪತ್ತು ವರ್ಷ ನನ್ನನ್ನ ನೀರಿಗಿಳಿಸಿದ್ದು ಅವಳು. ಅವಳನ್ನ ಇಳಿಸೋವಾಗ ನಾನಿರ್ಬಾರ್ದಾ? ತಳ್ಳು ಕುರ್ಚಿನ" ಎಂದರು.

ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಕೆಲವರು ಲೋಟ ಇಳಿಸಿ ಹೋಟೆಲಿಗೆ ಹೋದರು, ಅದು ನಿಜ. ಹೆಚ್ಚಿನವರು ಪೆಟ್ಟಿಗೆಯ ಹಿಂದೆ ಬಂದರು. ಊರುಗೋಲಿನವರು, ಬೆನ್ನುನೋವಿನವರು, ಸ್ನಾನದ ನಿಲುವಂಗಿಯಲ್ಲೇ ಇದ್ದವರು. ಸ್ಮಶಾನ ಏರುದಾರಿ, ಚರ್ಚಿನಿಂದ ಆರುನೂರು ಮೀಟರು. ಇದಲೀನಾ ಮುಟ್ಟಿ ಎತ್ತದ ಮೈ ಅವರಲ್ಲಿ ಕಡಿಮೆ. ಏರು ಕಡಿದಾದ ಕಡೆ ಕುರ್ಚಿ ಮುಂದಕ್ಕೆ ಹೋಗದಿದ್ದಾಗ ದೋನಾ ಜೆನೊವೇವಾ ಇಳಿದು ಪೆಟ್ಟಿಗೆಯ ಹಿಡಿ ಹಿಡಿದು ನಡೆದರು, ಒಂದೆರಡು ಗಜ ನಡೆದು ದಾರಿಯ ಬದಿಯ ಕಲ್ಲಿನ ಮೇಲೆ ಕೂತರು. ದೂರಿನಲ್ಲಿ ಅತಿಥಿಯೊಬ್ಬರು ಬಿದ್ದು ಗಾಯಗೊಂಡರೆಂದು ಇರುವುದು ಇದೇ. ಅವರು ಬೀಳಲಿಲ್ಲ, ಕೂತರು. ಗಾಯವಾಗಿಲ್ಲ. ಆಮೇಲೆ ಜೆಸುಯೀನೊನ ಕಡೆಯ ಇಬ್ಬರು ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಮೇಲೆ ತಂದರು. ಪೆಟ್ಟಿಗೆಯನ್ನು ನಾಲ್ಕು ಹಗ್ಗದಲ್ಲಿ ಸಮನಾಗಿ ಇಳಿಸಿದೆವು. ಜಾರಲಿಲ್ಲ.

ಪೆಸ್ತಾನಾ ಅವರೂ ಸ್ಮಶಾನದ ಗೇಟಿನವರೆಗೆ ಬಂದಿದ್ದರು, ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರ ದೂರಿನಲ್ಲಿ ಇದನ್ನು ಬರೆಸಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುನ್ನೂರು ಜನರ ಊಟ ಆ ಹೋಟೆಲಿನಿಂದ ನಡೆಯುತ್ತದೆ, ಅದು ಅವರ ತಲೆಯ ಮೇಲಿದೆ.

ಪದ್ಧತಿ ನನಗೆ ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿತ್ತು. ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಬರೆದುಕೊಡುತ್ತೀರಾ ಎಂದು ಕೇಳಿದರು. ಹಾಗೆ ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ, ದೂರು ವಾಪಸ್ಸಾಗುತ್ತದೆ ಎಂದೂ ತಿಳಿಸಿದರು. ನನಗೆ ಇನ್ನೊಬ್ಬ ಹೆಂಡತಿ ಇಲ್ಲ. ಆದರೆ ಓಣಿಯಲ್ಲಿ ಬೇರೆಯವರಿದ್ದಾರೆ, ಆ ತಿರುವಿನ ಸದ್ದನ್ನು ನಾನು ಕೇಳಿದ್ದಾಗಿದೆ. ಬರೆದುಕೊಡಲು ಆಗುವುದಿಲ್ಲ. ನಿನ್ನೆ ಬೆಳಿಗ್ಗೆ ಪಾದ್ರಿಗಳು ಊರಿನ ಕಡೆಯ ಕಮಾನಿನ ಇಟ್ಟಿಗೆಗಳನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಏಕೆಂದು ನಾನು ಕೇಳಲಿಲ್ಲ.

ಗಂಟೆಯ ನಾಲಗೆಗೆ ಕಟ್ಟುವ ಬಟ್ಟೆ ಚರ್ಚಿನ ಸ್ವತ್ತಾದ್ದರಿಂದ ಅದನ್ನು ಠಾಣೆಗೆ ತಂದೊಪ್ಪಿಸಬೇಕೆಂದು ಹೇಳಿದ್ದಾರೆ. ತರಲು ಸಾಧ್ಯವಿಲ್ಲ. ಅದು ಅವಳ ತಲೆಯ ಕೆಳಗಿದೆ.

ಮೇಲಿನದೆಲ್ಲವನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಹೇಳಿದ್ದೆಲ್ಲ ನಿಜವಿದೆ.

ಸ್ಥಳ: ಆಗ್ವಾಸ್ ಮಾನ್ಸಾಸ್ ಠಾಣೆ
ತಾರೀಕು: 20 ಫೆಬ್ರವರಿ 1957, ಬುಧವಾರ
ಸಹಿ: ಬೆಲಾರ್ಮಿನೊ ತೋಸ್ತೆಸ್