ಊರವರ ಹಲ್ಲೆಲ್ಲ ನಾಳೆ ಹನ್ನೊಂದಕ್ಕೆ

...ಇಲ್ಲ ಅಕ್ಕ, ನೀವು ಹೆದರಲೇಬಾರದು! ಧಣಿ ಕರೆದರೆ ತಲೆ ತಗ್ಗಿಸಿಕೊಂಡು ಹೋಗಿ ನಿಲ್ಲೋದಾ? ಈ ಆಫೀಸಿನಲ್ಲಿ ಫೋನ್ ಎತ್ತಿ ಎತ್ತಿ ನಿಮ್ಮ ಕಿವಿ ಸವೆದಿದೆ. ಮಧ್ಯಾಹ್ನ ಒಂದು ಮೆಸೇಜ್ ದಾರಿ ತಪ್ಪಿತು, ಅದೂ ನಿಮ್ಮ ಲಾಗಿನ್ನಿಂದ ಹೋಯ್ತು ಅಂತ ನಿಮ್ಮನ್ನ ಕೆಲಸದಿಂದ ತೆಗೀತಾರಂತೆ! ಬಿಡ್ತೀನಾ ನಾನು? ನೋಡಿ, ಬೋರ್ಡು ಬರೆದಿದ್ದೀನಿ. ಪ್ರಿಂಟರ್ ಬಂದ ಡಬ್ಬದ ರಟ್ಟು. ‘ತಪ್ಪು ಮಾಡಿದವರು ಮುಂದೆ ಬರಲಿ!’ ಹೇಗಿದೆ?

ಯಾಕೆ ನಗ್ತೀರಿ? ಓ, ಮೆಸೇಜಿಗಾ... ನಗು ಬರತ್ತೆ, ಒಪ್ಪಿದೆ. ‘ನಾಳೆ ಹನ್ನೊಂದಕ್ಕೆ ನಿಮ್ಮ ಕಡೇ ಹಲ್ಲು ಕೀಳುತ್ತೇವೆ, ಧೈರ್ಯವಾಗಿ ಬನ್ನಿ.’ ಹಲ್ಲಿನ ಡಾಕ್ಟರು ಕಳಿಸಿದರೆ ಸರಿ. ಅದೇ ಮೆಸೇಜನ್ನ ದರ್ಜಿ ತನ್ನ ಗಿರಾಕಿಗಳಿಗೆ ಕಳಿಸಿದರೆ? ಡ್ರೈವಿಂಗ್ ಸ್ಕೂಲು ಕಳಿಸಿದರೆ? ಕುಸ್ತಿ ಕಲಿಸೋರ ಹೆಸರಲ್ಲಿ ಹೋದದ್ದಕ್ಕೆ ಮಾತ್ರ ಯಾರೂ ಅನುಮಾನ ಪಡಲಿಲ್ಲವಂತೆ!

ಆದರೆ ತಪ್ಪು ಯಾರದು? ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಕೋಡು ಬರೆಯೋದು ನಾನೇ ಕಲಿತೆ. ಬಾಯಿ ಬಡಕೊಂಡೆ ಧಣಿಗೆ. ಸ್ವಾಮಿ, ಗಿರಾಕಿಗಳಿಗೆ ಮೆಸೇಜ್ ಕಳಿಸೋ ನಮ್ಮ ಆ್ಯಪಿನಲ್ಲಿ ಹತ್ತಾರು ಅಂಗಡಿಯವರು ಬಾಡಿಗೆಗೆ ಇದ್ದಾರೆ, ಒಬ್ಬೊಬ್ಬರ ಗಿರಾಕಿಗಳ ಪಟ್ಟಿಗೂ ಬೇರೆ ಡೇಟಾಬೇಸ್ ಕೊಡೋಣ ಅಂತ. ಕೇಳಿದರಾ? ಎಲ್ಲರನ್ನೂ ಒಂದೇ ಹಜಾರದಲ್ಲಿ ಮಲಗಿಸಿ ನಡುವೆ ಸೀಮೆಸುಣ್ಣದ ಗೆರೆ ಎಳೆಸಿದರು! ‘ಯಾವ ಅಂಗಡಿ’ ಅನ್ನೋ ಜಾಗ ಖಾಲಿ ಬಿಟ್ಟು ಗುಂಡಿ ಒತ್ತಿದರೆ, ‘ಅಯ್ಯಾ, ಅಂಗಡಿ ಆರಿಸು’ ಅನ್ನಬೇಕೋ ಬೇಡವೋ? ಈ ದರಿದ್ರದ್ದು ಎಲ್ಲರಿಗೂ ಬಡಿಸಿಬಿಡತ್ತೆ! ಅದೂ ನಿಮ್ಮ ಲಾಗಿನ್ನಾದರೆ. ನನ್ನದಕ್ಕೆ ಹಲ್ಲಿನ ಡಾಕ್ಟರ ಬಾಗಿಲೂ ತೆರೆಯಲ್ಲ. ನಿಮ್ಮದು ಊರಿಗೆಲ್ಲ ಒಂದೇ ಬೀಗದಕೈ. ಇದು ವ್ಯವಸ್ಥೆಯಾ? ಪಾಪ, ಬಸ್ ಓಡಿಸ್ತಿದ್ದ ಆ ಅಜ್ಜ ಒಬ್ಬನಿಗೆ ಹೋಗಬೇಕಿದ್ದ ಎರಡು ಸಾಲು...

ಏನಕ್ಕ? ಯಾಕೆ ಹಾಗೆ ನೋಡ್ತೀರಿ?

ಯಾವ ಅಜ್ಜ ಅಂದ್ರೆ... ಕಡೇ ಹಲ್ಲು ಅಂದ ಮೇಲೆ ಅಜ್ಜನೇ ಇರಬೇಕಲ್ಲ! ಬಸ್ಸು... ಅದು ಊಹೆ. ಊಹೆ ಅಕ್ಕ! ನೀವು ಊಟಕ್ಕೆ ಹೋಗಿದ್ರಿ. ಫೋನ್ ಒಂದೇ ಸಮ ಬಡಕೊಳ್ತಿತ್ತು. ಯಾರೋ ಪುಣ್ಯಾತ್ಮ ಎತ್ತಿರಬೇಕು, ಹಲ್ಲಿನ ಡಾಕ್ಟರು ಮೆಸೇಜ್ ಕಳಿಸಿ ಅಂತ ಅವಸರ ಮಾಡಿರಬೇಕು. ನಿಮ್ಮ ಸ್ಕ್ರೀನ್ ತೆರೆದೇ ಇತ್ತು... ಇದ್ದಿರಬಹುದು ಅಂತ. ‘ಧೈರ್ಯವಾಗಿ ಬನ್ನಿ’ ಅನ್ನೋದನ್ನ ಡಾಕ್ಟರೇನೂ ಹೇಳಿರಲಿಲ್ಲ. ಅಜ್ಜ ಹೆದರ್ತಾನಲ್ಲ ಅಂತ ಕನಿಕರಕ್ಕೆ... ಆ ಪುಣ್ಯಾತ್ಮನೇ...

 ಬೈಯೋದಾದರೆ ಬೈದುಬಿಡಿ ಅಕ್ಕ.

ಬೋರ್ಡು ಯಾಕೆ ನನ್ನ ಕಡೆ ತಿರುಗಿಸ್ತೀರಿ? ಓದಿದ್ದೀನಿ... ನಾನೇ ಬರೆದದ್ದಲ್ವಾ. ಅಕ್ಷರ ಸ್ವಲ್ಪ ದಪ್ಪವೇ ಆಯ್ತು.

...ಧಣಿ ಒಳಗೇ ಇದ್ದಾರಾ? ಸರಿ. ಕೊಡಿ ಇಲ್ಲಿ. ನೀವು ಏಳಬೇಡಿ, ಕೂತಿರಿ, ಒಳಗೆ ನಾನೇ ಹೋಗ್ತೀನಿ. ಫೋನ್ ಬಡಕೊಳ್ತಿದೆ, ಎತ್ತಿ. ನಾಳೆ ಯಾರೂ ಬರೋದು ಬೇಡ ಅನ್ನಿ. ಹಲ್ಲು ಕೀಳೋದು ಈಗಲೇ, ಅದೂ ನನ್ನದೊಂದೇ ಅಂತ ಹೇಳಿ.