ಮರದ ಹೆಲಿಕಾಪ್ಟರಿನ ಕೋವಿ ಮುರಿದ ಬಗ್ಗೆ

ನನ್ನ ಹೆಸರು ಲುಡ್ಮಿಲಾ ವಾವ್ರಾ, ತಂದೆ ಯೋಸೆಫ್ ವಾವ್ರಾ, ವಯಸ್ಸು 18, ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ, ರಜೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಮಾದರಿ ವಿಭಾಗದಲ್ಲಿ ಕೆಲಸ, ವಾಸ ಮಹಿಳಾ ಹಾಸ್ಟೆಲ್, ಕೊಠಡಿ 14, ವೇಕೋ, ಟೆಕ್ಸಾಸ್. ಡ್ರೈ ಫೋರ್ಕ್ ಠಾಣೆಗೆ ನಾನಾಗಿಯೇ ಬಂದು ಬರೆಸುತ್ತಿರುವುದೇನೆಂದರೆ,

ನಮ್ಮ ವಿಭಾಗದ ಬಡಗಿ ಫ್ರಾಂಟಿಶೆಕ್ ಮಾಲಿನಾ, ವಯಸ್ಸು 61. ಅವರನ್ನು ಫ್ರಾಂಟಾ ಮಾವ ಎನ್ನುತ್ತೇವೆ. ಹೊಸ ಬಗೆಯ ಹೆಲಿಕಾಪ್ಟರಿನ ಪೂರ್ಣ ಅಳತೆಯ ಮಾದರಿಯನ್ನು ಅವರು ಆರು ವಾರ ಕೂತು ಪ್ಲೈವುಡ್‌ನಲ್ಲಿ ಮಾಡಿದ್ದರು. ಸೈನಿಕರು ಇಳಿಯುವಾಗ ಮೇಲಿನಿಂದ ಗುಂಡು ಹಾರಿಸಿ ಅವರನ್ನು ಕಾಯುವುದಷ್ಟೇ ಇದರ ಕೆಲಸ. ಅಗಲ ಮೂರೇ ಅಡಿ. ಮೂತಿಯಲ್ಲಿದ್ದ ಮಷಿನ್ ಗನ್ ಪೊರಕೆಯ ಕೋಲು, ರಾಕೆಟ್ ಕೊಳವೆಗಳು ಕಾಫಿ ಡಬ್ಬಗಳು.

ನನ್ನ ಅಣ್ಣ ಎಮಿಲ್ ವಿಯೆಟ್ನಾಂನಲ್ಲಿ ಸೈನಿಕರನ್ನು ಇಳಿಸುವ ಹೆಲಿಕಾಪ್ಟರ್ ಓಡಿಸುತ್ತಾನೆ. "ಇಳಿಸೋವಾಗ ನಮ್ಮನ್ನ ಕಾಯೋರು ಯಾರೂ ಇಲ್ಲ ಮಿಲಾ" ಎಂದು ಕಾಗದ ಬರೆದಿದ್ದ. ದಿನಾಂಕ 14-6-1962ರ ಮಧ್ಯಾಹ್ನ 2ಕ್ಕೆ ಸೇನೆಯ ಕರ್ನಲ್ ಒಬ್ಬರು ವಿಮಾನ ನೆಲೆಯಲ್ಲಿ ಮಾದರಿ ನೋಡುವುದಿತ್ತು. ಅವರು ನೋಡದೆ ಹೋದರೆ ಯೋಜನೆ ಮುಚ್ಚುವುದೆಂದು ಕಾರ್ಖಾನೆಯವರು ಹೇಳಿದ್ದರು.

ಅಂದು ಬೆಳಿಗ್ಗೆ 10:40ಕ್ಕೆ (ನನ್ನ ವಾಚು ಎರಡು ನಿಮಿಷ ಮುಂದಿದೆ, ಆದ್ದರಿಂದ 10:38) ಮಾದರಿಯನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಹೊರಟಿದ್ದ ನಾನೂ ಫ್ರಾಂಟಾ ಮಾವನೂ ಗಸಗಸೆ ತುಂಬಿದ ಕೊಲಾಚ್ ಬನ್ನು ತಿನ್ನಲು ದಾರಿಯ ಹೋಟೆಲ್ ಎದುರು ನಿಲ್ಲಿಸಿದೆವು. ಗಾಳಿಗೆ ಮಾದರಿಗೆ ಹೊದಿಸಿದ್ದ ಟಾರ್ಪಾಲಿನ್ ಹಾರಿತು. ಕೋವಿ ಕಂಡು ಯಾರೋ ಫೋನ್ ಮಾಡಿದ್ದರಿಂದ ಈ ಠಾಣೆಯ ಡೆಪ್ಯುಟಿ ಪ್ರೂಯಿಟ್ ಸಾಹೇಬರು ಬಂದು ಪಿಸ್ತೂಲು ಹಿಡಿದು 30 ಅಡಿ ದೂರದಲ್ಲಿ ನಿಂತರು. ಕಾಗದಪತ್ರ ಕೇಳಿದರು. ಗುಟ್ಟಿನ ಮಾಲಾದ್ದರಿಂದ ಅದರಲ್ಲಿ 'ಮರದ ಪೀಠೋಪಕರಣ' ಎಂದಿತ್ತು.

"ಇದ್ಯಾವ ಸೋಫಾ ಅಜ್ಜ?" ಎಂದು ಸಾಹೇಬರು ಕೇಳಿದರು.

ಬಂದು ತಟ್ಟಿ ನೋಡಿ, ಬರೀ ಮರ ಎಂದು ನಾನು ಹೇಳಿದೆ. "ತಟ್ಟೋಕೆ ನನಗೇನು ಹುಚ್ಚಾ ತಂಗಿ? ಸಿಡಿದ್ರೆ ನನ್ನ ಹೆಂಡ್ತಿಗೆ ನೀನು ಹೇಳ್ತೀಯಾ?" ಎಂದರು.

ಇಷ್ಟು ಹೊತ್ತಿಗೆ ಫ್ರಾಂಟಾ ಮಾವನ ಮುಖ ಅರಳಿತ್ತು. "ಪೊಲೀಸ್ನೋರೇ ನಂಬಿಬಿಟ್ರು ನೋಡೇ!" ಎಂದು ನನ್ನ ಬೆನ್ನು ತಟ್ಟಿದರು. ಚಾಕುವಿನಿಂದ ಒಂದು ಕಡೆ ಕೆರೆದು ತೋರಿಸಲು ಸಾಹೇಬರು ಹೇಳಿದಾಗ ಮಾತ್ರ ಮಾವನಿಗೆ ಸಿಟ್ಟು ಬಂತು. "ಏಳು ಕೋಟ್ ಬಣ್ಣ ಸ್ವಾಮಿ ಅದು. ಬೇಕಾದ್ರೆ ನನ್ನ ಚರ್ಮ ಕೆರೀರಿ" ಎಂದು ಕೈಕೋಳಕ್ಕೆ ಎರಡೂ ಕೈ ಚಾಚಿದರು.

90 ಮೈಲಿ ದೂರದಿಂದ ಬಾಂಬ್ ತಂಡ ಬರಬೇಕು, ನಾಲ್ಕು ತಾಸು ಹಿಡಿಯುತ್ತದೆ ಎಂದು ಸಾಹೇಬರು ತಿಳಿಸಿದರು. ಅಷ್ಟರಲ್ಲಿ ಕರ್ನಲ್ ಹೊರಟುಹೋಗುತ್ತಿದ್ದರು. ನಾನು ಬಹಳ ಯೋಚಿಸುವ ಸ್ವಭಾವದವಳು, ಆದರೆ ಆಗ ಯೋಚಿಸಲಿಲ್ಲ. 12:05ಕ್ಕೆ ಟ್ರಕ್ ಹತ್ತಿ, ಮಷಿನ್ ಗನ್ ಕಿತ್ತು, ಮೊಣಕಾಲಿಗೆ ಕೊಟ್ಟು ಮುರಿದೆ. ಟಕ್ಕೆಂದ ಸದ್ದಿಗೆ ಸಾಹೇಬರು ನೆಲಕ್ಕೆ ಬೋರಲು ಬಿದ್ದರು. ತುಂಡನ್ನು ಅವರ ಕೈಗೆ ಕೊಟ್ಟೆ. ಎದ್ದು ಧೂಳು ಕೊಡವಿಕೊಂಡು, ತಮಗೆ ಮೊದಲೇ ಗೊತ್ತಿತ್ತು ಎಂದರು. ಆಮೇಲೆ ಸೈರನ್ ಹಾಕಿಕೊಂಡು ನಮ್ಮ ಮುಂದೆ ತಾವೇ ಹೋದರು. 1:52ಕ್ಕೆ ತಲುಪಿದೆವು.

ಕರ್ನಲ್ ಸಾಹೇಬರು ಮಾದರಿಯ ಸುತ್ತ ಮೂರು ಸುತ್ತು ಬಂದು ಮೂತಿಯೆದುರು ನಿಂತು, ಇಲ್ಲಿ ಕೋವಿ ಯಾಕಿಲ್ಲ ಎಂದು ವಿಚಾರಿಸಿದರು. ಮುರಿದದ್ದೆಂದು ಒಪ್ಪಲು ಫ್ರಾಂಟಾ ಮಾವನಿಗೆ ಮಾನ ಅಡ್ಡ ಬಂತು. "ಅಲ್ಲಿಗೆ ಇನ್ನೂ ದೊಡ್ಡದು ಬರುತ್ತೆ ಸಾಹೇಬ್ರೇ" ಎಂದರು. ಕರ್ನಲ್ ತಲೆದೂಗಿ, ದೊಡ್ಡದೇ ಬೇಕು ಎಂದು ಪುಸ್ತಕದಲ್ಲಿ ಬರೆದುಕೊಂಡರು. ಯೋಜನೆ ಮುಂದುವರಿದಿದೆ. ಅಣ್ಣನಿಗೆ ಕಾಗದ ಹಾಕಿದ್ದೇನೆ.

ಆದರೂ ಮುರಿದದ್ದು ಮುರಿದದ್ದೇ ಎಂದು ಫ್ರಾಂಟಾ ಮಾವ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಹೊಸದಾಗಿ ಮಾಡಿದ ದೊಡ್ಡ ಕೋವಿಗೆ ಏಳೂ ಕೋಟ್ ಬಣ್ಣ ನಾನೇ ಹೊಡೆದರೆ ದೂರು ವಾಪಸ್ ತೆಗೆದುಕೊಳ್ಳುತ್ತಾರಂತೆ. ಈಗ ಎರಡನೇ ಕೋಟ್ ಒಣಗುತ್ತಿದೆ.

ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ಇದರ ಪ್ರತಿ ಹಾಸ್ಟೆಲ್ ವಾರ್ಡನ್‌ಗೆ ಹೋಗಬಾರದೆಂದು ಕೋರುತ್ತೇನೆ.

ಸ್ಥಳ: ಡ್ರೈ ಫೋರ್ಕ್
ದಿನಾಂಕ: 20-6-1962
ಸಹಿ: ಲುಡ್ಮಿಲಾ ವಾವ್ರಾ (ಕೈಗೆ ಬಣ್ಣ ಅಂಟಿರುವುದರಿಂದ ಕಲೆಯಾಗಿದೆ, ಕ್ಷಮಿಸಿ)